ನಮ್ಮ ಗೇಟಿನ ಮುಂದಿನ ಗುಂಡಿಯನ್ನು ಮುಚ್ಚಿಸಿದ ಇಂಜಿನಿಯರರಿಗೆ

ರಸ್ತೆ ವಿಭಾಗದ ಮಾನ್ಯ ಇಂಜಿನಿಯರರೇ,

ಅಗೆಯುವುದರಲ್ಲಿ ಎತ್ತಿದ ಕೈಯಾದ ತಮಗೂ, ತಮ್ಮ ಹಾರೆ ಗುದ್ದಲಿಗಳಿಗೂ, ಬೀದಿಯ ಧೂಳನ್ನು ಭೇದಭಾವವಿಲ್ಲದೆ ಎಲ್ಲ ಮನೆಗಳಿಗೂ ಹಂಚಿದ ತಮ್ಮ ಲಾರಿಗೂ ಮೊದಲಾಗಿ ನನ್ನ ವಿನಯಪೂರ್ವಕ ನಮಸ್ಕಾರಗಳು. ಗುಂಡಿ ಮುಚ್ಚಿಲ್ಲವೆಂಬ ದೂರುಗಳು ತಮಗೆ ದಿನಾ ರಾಶಿ ಬೀಳುತ್ತಿರಬಹುದು. ನನ್ನದು, ಮುಚ್ಚಿಬಿಟ್ಟಿರೆಂಬ ದೂರು.

ನಾನು ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುವವನು. ನನ್ನಾಕೆ ಬೀದಿಯ ಕೊನೆಯಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ಮದುವೆಯಾಗಿ ಇಪ್ಪತ್ತೇಳು ವರ್ಷ. ನಮ್ಮಲ್ಲಿ ಜಗಳವಿರಲಿಲ್ಲ, ಜಗಳಕ್ಕೆ ಬೇಕಾಗುವಷ್ಟು ಮಾತೇ ಇರಲಿಲ್ಲ. "ಗ್ಯಾಸ್ ಆಫ್ ಮಾಡಿದ್ರಾ?" "ಹ್ಞೂಂ." ಇಷ್ಟರಲ್ಲಿ ದಿನ ಮುಗಿಯುತ್ತಿತ್ತು. ಮೂರು ತಿಂಗಳ ಹಿಂದೆ ಆಕೆ, "ತಂಗಿ ಮನೇಲಿ ಆರು ತಿಂಗಳು ಇದ್ದು ಬರ್ತೀನಿ, ನಿಮಗೇನೂ ತೊಂದ್ರೆ ಆಗಲ್ಲ ಅಲ್ವಾ?" ಎಂದಾಗ, ಪತ್ರಿಕೆಯಿಂದ ತಲೆ ಎತ್ತದೆ "ಏನಿಲ್ಲ" ಎಂದುಬಿಟ್ಟೆ. ಆಕೆ ಹೋಗಿ ಟಿಕೆಟ್ ಮಾಡಿಸಿ ಬಂದಳು.

ಅಂಥ ಹೊತ್ತಿನಲ್ಲಿ ತಾವು ನಮ್ಮ ಗೇಟಿನೆದುರು ಎದೆಮಟ್ಟದ ಗುಂಡಿ ತೋಡಿಸಿ, ದಾಟಲು ಒಂದೇ ಒಂದು ಹಲಗೆಯನ್ನು, ಅದೂ ಜೋಲಾಡುವಂಥದ್ದನ್ನು, ಕರುಣಿಸಿದಿರಿ. ಮೊದಲ ದಿನವೇ ಆಕೆ ನಡುಹಲಗೆಯಲ್ಲಿ ನಿಂತು "ರೀ, ಕೈ ಕೊಡ್ರೀ!" ಎಂದು ಕೂಗಿದಳು. ಕೊಟ್ಟೆ. ಆಚೆ ದಡ ಸೇರಿದ ಮೇಲೂ ಬಿಡುವುದು ಇಬ್ಬರಿಗೂ ಮರೆತುಹೋಗಿ, ಹೊಲಿಗೆ ಅಂಗಡಿಯ ಬಾಗಿಲು ತೆರೆಯಲು ಎರಡೂ ಕೈ ಬೇಕಾದಾಗಲೇ ನೆನಪಾಯಿತು.

ಆಮೇಲೆ ನಡೆದದ್ದಕ್ಕೆಲ್ಲ ತಾವೇ ಹೊಣೆ. ನಾನು ದಿನಾ ಗಡ್ಡ ಹೆರೆಯತೊಡಗಿದೆ. ಆಕೆ ಹಲಗೆಗೆ ಖಂಡಿತ ಒಗ್ಗದ ಎತ್ತರ ಹಿಮ್ಮಡಿಯ ಚಪ್ಪಲಿ ಕೊಂಡಳು. ಮೋಡವೇ ಇಲ್ಲದ ಬೆಳಿಗ್ಗೆ ಕೊಡೆ ಮರೆತೆವೆಂದು ಹಿಂದಿರುಗಿ, ಕೊಡೆ ತಂದು, ಮತ್ತೆ ಅದನ್ನು ಒಳಗಿಡಲು ಹೋಗಿ, ಒಟ್ಟು ಐದು ಸಲ ದಾಟಿದೆವು. ಎದುರು ಮನೆಯ ಅಜ್ಜಿ ಕುರ್ಚಿ ತಂದು ಹಾಕಿಕೊಂಡರು.

ಒಂದು ಬೆಳಿಗ್ಗೆ ಹಲಗೆ ವಾಲಿ ಇಬ್ಬರೂ ದೊಪ್ಪೆಂದು ಕೆಸರಿಗೆ ಬಿದ್ದೆವು. ಆಕೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆ ನಗು ಕೇಳಿ ಎಷ್ಟು ವರ್ಷವಾಗಿತ್ತೋ! ನನ್ನ ಬಾಯಿಂದ ತಾನಾಗಿಯೇ ಬಂತು: "ನೀನು ಹೋದ್ರೆ ನಂಗೆ ತುಂಬಾ ತೊಂದ್ರೆ ಆಗುತ್ತೆ ಕಣೇ."

ಆಕೆ ನನ್ನ ಮೂಗಿನ ಮೇಲಿನ ಕೆಸರು ಒರೆಸಿ, "ಇಷ್ಟು ಹೇಳೋಕೆ ಗುಂಡಿಗೇ ಬೀಳ್ಬೇಕಿತ್ತಾ?" ಎಂದಳು. ಮಧ್ಯಾಹ್ನವೇ ಟಿಕೆಟ್ ರದ್ದಾಯಿತು.

ಹೀಗಿರಲು, ಬೀದಿದೀಪದ ಒಂದು ಬಲ್ಬು ಬದಲಿಸಲು ವರ್ಷ ತೆಗೆದುಕೊಂಡ ತಾವು, ಯಾವ ಮುನ್ಸೂಚನೆಯೂ ಇಲ್ಲದೆ ಕಳೆದ ಗುರುವಾರ ಒಂದೇ ಬೆಳಗಿನಲ್ಲಿ ಗುಂಡಿ ಮುಚ್ಚಿ ಟಾರು ಹಾಕಿಸಿದ್ದು ಯಾವ ನ್ಯಾಯ? ದಯಮಾಡಿ ಹೊಸ ಗುಂಡಿಯೊಂದನ್ನು ಮಂಜೂರು ಮಾಡಬೇಕು. ಗ್ರಂಥಾಲಯದ ಬಾಗಿಲಿಗೊಂದು, ತರಕಾರಿ ಅಂಗಡಿಯ ಮುಂದೊಂದು, ಸಾಧ್ಯವಾದರೆ ನಮ್ಮ ಅಡುಗೆಮನೆಗೂ ನಡುಮನೆಗೂ ಮಧ್ಯೆ ಚಿಕ್ಕದೊಂದು.

ಶುಕ್ರವಾರ ಗೇಟು ತೆರೆದಾಗ ರಸ್ತೆ ಕನ್ನಡಿಯಂತಿತ್ತು. ಇಬ್ಬರೂ ಪೆಚ್ಚಾಗಿ ನಿಂತೆವು. ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುವ ಈ ಹೆಂಗಸು ಆಗ, "ಯಾಕೋ ಕಣ್ಣು ಮಂಜು ಮಂಜು ರೀ, ಸ್ವಲ್ಪ ಹಿಡ್ಕೊಳ್ಳಿ" ಎಂದಳು. ನನಗೂ ತಟ್ಟನೆ ಮಂಡಿನೋವು ಶುರುವಾಯಿತು. ಒಬ್ಬರನ್ನೊಬ್ಬರು ಆತುಕೊಂಡು ಹೊರಟೆವು.

ಅನುಕೂಲವಾದ ರಸ್ತೆಯಿಂದ ಅನನುಕೂಲಕ್ಕೊಳಗಾದ,
ತಮ್ಮ ವಿಶ್ವಾಸಿ,
ರಟ್ಟು ಕಟ್ಟುವವನು

ತಾ.ಕ.: ನಿನ್ನೆಯಿಂದ ಹೊಸ ಟಾರು ಕುಸಿಯತೊಡಗಿದೆ. ತಮ್ಮ ಕಾಮಗಾರಿಯ ಗುಣಮಟ್ಟದ ಮೇಲೆ ನನ್ನವಳು ಇಟ್ಟಿದ್ದ ಭರವಸೆ ಹುಸಿಯಾಗಲಿಲ್ಲ. ದುರಸ್ತಿಗೆಂದು ಅವಸರಪಟ್ಟು ವಿಭಾಗದ ಹೆಸರು ಕೆಡಿಸಿಕೊಳ್ಳಬೇಡಿ.