ಮುಳುಗದ ಹುಳ

"ಇವತ್ತು ಬಾಸ್‌ನ ನೋಡೋಕೆ ಹೋಗ್ತಿದೀನಿ" ಎಂದು ನೀರಿನ ಇಲಾಖೆಯ ಗುಮಾಸ್ತ ಬೆಳಿಗ್ಗೆ ಹೆಂಡತಿಗೆ ಹೇಳಿದ್ದು ಅಪ್ಪಟ ನಿಜ. ಅವನು ಹೇಳಿದ ಬಾಸ್ ಊರಾಚೆಯ ಕೆರೆಯಲ್ಲಿತ್ತು. ಹಸಿರು ಬೆನ್ನಿನ, ಅಗಲ ಬಾಯಿಯ, ಬಾಸ್ ಎಂಬ ಜಾತಿಯ ಹಳೇ ಮೀನು. ಹೆಂಡತಿಗೆ ಕೇಳಿಸಿದ ಬಾಸ್ ನೀರು ಸರಬರಾಜು ಕಚೇರಿಯಲ್ಲಿದ್ದರು, ಅವರಿಗೆ ಅಗಲವಾಗಿದ್ದದ್ದು ಹೊಟ್ಟೆ.

"ರಜಾ ದಿನಾನೂ ಕರೆಸಿದಾರೆ ಅಂದ್ರೆ ಬಡ್ತಿ ವಿಷಯಾನೇ ಇರಬೇಕು!" ಎಂದು ಅವಳು ಓಡಿಹೋಗಿ ಅವನ ಬಿಳಿ ಅಂಗಿಗೆ ಇಸ್ತ್ರಿ ಹಾಕತೊಡಗಿದಳು.

ಅವಳ ತಪ್ಪು ತಿದ್ದುವ ಧೈರ್ಯ ಗುಮಾಸ್ತನಿಗೆ ಬರಲಿಲ್ಲ. ಹೋದ ತಿಂಗಳು ಅವನು ಗಾಳಕ್ಕೆಂದು ಅಗೆದು ತಂದ ಎರೆಹುಳುಗಳು ಫ್ರಿಜ್ಜಿನೊಳಗೆ ಡಬ್ಬಿಯ ಮುಚ್ಚಳ ತಳ್ಳಿಕೊಂಡು ಬೆಣ್ಣೆಯ ಬಟ್ಟಲಿಗೆ ವಲಸೆ ಹೋಗಿದ್ದವು. ಅವತ್ತು ಹೆಂಡತಿ ಬೆಣ್ಣೆಯ ಚಾಕು ಹಿಡಿದುಕೊಂಡೇ ತೀರ್ಪು ಕೊಟ್ಟಿದ್ದಳು: "ಇನ್ನೊಂದು ಸಲ ಈ ಮನೇಲಿ ಹುಳದ ಸುದ್ದಿ ಬಂತೋ, ನಿಮ್ಮ ಗಾಳದ ಕೋಲು ಗುಜರಿಗೆ!"

ಆ ಕೋಲು ಹೋದರೆ ಗುಮಾಸ್ತನಿಗೆ ಉಳಿಯುವುದೇನು? ವಾರವಿಡೀ "ಸದರಿ ವಿಷಯಕ್ಕೆ ಸಂಬಂಧಿಸಿದಂತೆ" ಎಂದು ಟೈಪು ಮಾಡುವವನಿಗೆ ಉಸಿರು ಬಿಡುವ ಜಾಗ ಅಂತ ಇದ್ದದ್ದು ಆ ಕೆರೆಯ ದಂಡೆಯೊಂದೇ. ಆರು ವರ್ಷದಿಂದ ಅವನು ಆ ಒಂದೇ ಬಾಸಿನ ಹಿಂದೆ ಬಿದ್ದಿದ್ದ. ಕಂಡದ್ದು ಎರಡೇ ಸಲ, ಅದೂ ಬೆನ್ನು ಮಾತ್ರ. ಎರಡು ಸಲವೂ ಅವನಿಗೆ ಮೈ ಜುಮ್ಮೆಂದಿತ್ತು.

ಅದಕ್ಕೇ ಅವನು ಅಂಚೆಯಲ್ಲಿ ಒಂದು ಪೊಟ್ಟಣ ತರಿಸಿದ್ದ. ಹತ್ತು ಮೆತ್ತನೆಯ ಪ್ಲಾಸ್ಟಿಕ್ ಹುಳಗಳು. ಗುಲಾಬಿ ಬಣ್ಣ, ಗೇಣುದ್ದ. ಎರೆಹುಳು ನೀರಿಗೆ ಬಿದ್ದರೆ ನೇರ ತಳದ ಪಾಚಿಗೆ ಇಳಿದು ಮರೆಯಾಗುತ್ತದೆ. ಇವು ತೇಲುತ್ತವಂತೆ, ಬಾಸ್ ಕೆಳಗಿನಿಂದ ನೋಡಿ ತಾನಾಗಿ ಮೇಲೆದ್ದು ಬರುತ್ತದಂತೆ. ಪೊಟ್ಟಣದ ಮೇಲೆ ಬಳಸುವ ಕ್ರಮ ಅಚ್ಚಾಗಿತ್ತು: 'ಎಸೆಯಿರಿ. ಸುಮ್ಮನಿರಿ. ಅಲೆ ಅಡಗಿದ ಮೇಲೆ ಒಮ್ಮೆ ಮಿಡಿಸಿ. ಮತ್ತೆ ಸುಮ್ಮನಿರಿ.' ಸುಮ್ಮನಿರುವುದರಲ್ಲಿ ಗುಮಾಸ್ತನಿಗೆ ಹದಿನೆಂಟು ವರ್ಷದ ಕಚೇರಿ ಅನುಭವವಿತ್ತು.

ನಿಜವಾಗಿ ತೇಲುತ್ತದೋ ಇಲ್ಲವೋ ನೋಡೋಣವೆಂದು ಅವನು ಒಂದು ಹುಳವನ್ನು ಜೇಬಿಗಿಳಿಸಿಕೊಂಡು ಕಟ್ಟಡದ ಅಂಗಳಕ್ಕೆ ಹೋದ. ಅಲ್ಲಿ ಎಂಟೂ ಮನೆಯವರು ಬಳಸುವ ದೊಡ್ಡ ನೀರಿನ ತೊಟ್ಟಿ. ಅದರ ಮೇಲಿನ ಗೋಡೆಗೆ 'ಈ ತೊಟ್ಟಿಯ ನೀರು ಶುದ್ಧವಾಗಿದೆ' ಎಂಬ ಪತ್ರ ಅಂಟಿಸಿತ್ತು, ಕೆಳಗೆ ಅವನದೇ ಸಹಿ. ಹುಳವನ್ನು ಮೆಲ್ಲಗೆ ನೀರಿಗೆ ಬಿಟ್ಟ. ಅದು ಒಮ್ಮೆ ಮುಳುಗಿದಂತೆ ಮಾಡಿ, ಮೇಲೆದ್ದು, ಬಾಲವನ್ನು ಅಲ್ಲಾಡಿಸುತ್ತ ಹಾಯಾಗಿ ಮಲಗಿತು. ಜೀವವಿಲ್ಲದ ವಸ್ತು ಅಷ್ಟು ಜೀವಂತವಾಗಿರುವುದನ್ನು ಗುಮಾಸ್ತ ಕಂಡಿರಲಿಲ್ಲ. ಅವನ ಕಚೇರಿಯಲ್ಲಿ ಜೀವವಿದ್ದವರೂ ಹಾಗಿರಲಿಲ್ಲ.

"ರೀ, ಟೈ ಎಲ್ಲಿಟ್ರಿ?" ಎಂದು ಮೇಲಿನಿಂದ ಹೆಂಡತಿ ಕೂಗಿದಳು. ಗುಮಾಸ್ತ ಬೆಚ್ಚಿ ಓಡಿದ. ಹುಳ ತೊಟ್ಟಿಯಲ್ಲೇ ಉಳಿಯಿತು.

ಟೈ ಗಂಟು ಮುಗಿಯುವ ಮೊದಲೇ ಕೆಳಗೆ ಕಿರುಚಾಟ ಕೇಳಿತು. ಕೆಳಮನೆಯ ಟೈಲರಮ್ಮ ಬಕೆಟ್ ಬಿಸಾಕಿ ಅಂಗಳದಲ್ಲಿ ಕುಣಿಯುತ್ತಿದ್ದಳು. "ಹುಳ! ನೀರಲ್ಲಿ ಹುಳ! ಹಾವಿನಷ್ಟಿದೆ!"

ಗುಮಾಸ್ತ ಇಳಿದು ಬರುವಷ್ಟರಲ್ಲಿ ಕಟ್ಟಡವೇ ನೆರೆದಿತ್ತು. ಕಟ್ಟಡದ ಕಾರ್ಯದರ್ಶಿ, ಅಂದರೆ ಬಲ್ಬು ಸುಟ್ಟರೂ ತುರ್ತು ಸಭೆ ಕರೆಯುವ ಮನುಷ್ಯ, ಅವನ ತೋಳು ಹಿಡಿದು ತೊಟ್ಟಿಯ ಮುಂದೆ ನಿಲ್ಲಿಸಿದ. "ನೀರಿನ ಇಲಾಖೆಯೋರು ನೀವು. ಸಹಿ ನಿಮ್ಮದು. ಇದೇನು ಹೇಳಿ."

ಗುಮಾಸ್ತ ತಲೆಯೆತ್ತಿದ. ಮೆಟ್ಟಿಲ ಮೇಲೆ ಹೆಂಡತಿ ನಿಂತಿದ್ದಳು, ಕೈಯಲ್ಲಿ ಇಸ್ತ್ರಿಪೆಟ್ಟಿಗೆ.

"ಇದು... ಮೇಲ್ನೋಟಕ್ಕೆ... ಹುಳ" ಎಂದ.

"ಅದು ನಮಗೂ ಕಾಣುತ್ತೆ ಸ್ವಾಮಿ!"

"ಜಾಗ ಬಿಡಿ, ಜಾಗ ಬಿಡಿ" ಎನ್ನುತ್ತ ಮೂರನೇ ಮಹಡಿಯ ಮೇಷ್ಟ್ರು ಬಂದರು. ನಲವತ್ತು ವರ್ಷ ಜೀವಶಾಸ್ತ್ರ ಕಲಿಸಿ ನಿವೃತ್ತರಾದವರು. ಬಿಸಿಲಿರಲಿ, ಮೋಡವಿರಲಿ, ದಿನಾ ಬೆಳಿಗ್ಗೆ ಉದ್ದನೆಯ ಕೊಡೆ ಹಿಡಿದು ವಾಕಿಂಗ್ ಹೋಗುವವರು. ಈಗಲೂ ಕೊಡೆ ಕಂಕುಳಲ್ಲಿತ್ತು. ಭೂತಗನ್ನಡಿ ಹಿಡಿದು ತೊಟ್ಟಿಯೊಳಗೆ ಬಗ್ಗಿದರು. ಗುಮಾಸ್ತ ಕಣ್ಣು ಮುಚ್ಚಿಕೊಂಡ. ಇನ್ನೇನು, ಎಲ್ಲ ಬಯಲಾಯಿತು!

ಮೇಷ್ಟ್ರು ತಲೆಯೆತ್ತಿದಾಗ ಅವರ ಕಣ್ಣಲ್ಲಿ ನೀರಿತ್ತು. "ನನ್ನ ಜೀವಮಾನದಲ್ಲಿ ಇಂಥದನ್ನ ನೋಡಿಲ್ಲ. ಹೇಗೆ ತೇಲುತ್ತೆ ನೋಡಿ!"

ಹುಳವನ್ನು ಗಾಜಿನ ಜಾಡಿಗೆ ವರ್ಗಾಯಿಸಿದರು. ಬ್ಲೀಚಿಂಗ್ ಪುಡಿ ಹಾಕಿದರೆ ಅದರ ಬಣ್ಣ ಇನ್ನಷ್ಟು ಮಿಂಚಿತು. ಬಿಸಿನೀರು ಸುರಿದರೆ ಮೊದಲಿಗಿಂತ ಮೆತ್ತಗಾಗಿ ಬಳುಕಿತು. ಕಾರ್ಯದರ್ಶಿ ರೋಸಿಹೋಗಿ ಟೈಲರಮ್ಮನ ಕತ್ತರಿಯಿಂದ ಕಚಕ್ಕೆಂದು ಎರಡು ತುಂಡು ಮಾಡಿದ. ಎರಡೂ ತುಂಡು ಬೇರೆ ಬೇರೆಯಾಗಿ ತೇಲಿದವು.

"ಅಮ್ಮಾ! ಇದಕ್ಕೆ ಸಾವೇ ಇಲ್ಲ!" ಟೈಲರಮ್ಮ ಕೈಮುಗಿದಳು. ಇಬ್ಬರು ಮೂವರು ಅವಳನ್ನು ನೋಡಿ ತಾವೂ ಮುಗಿದರು. ನಿಜ ಬಲ್ಲ ಗುಮಾಸ್ತನಿಗೂ ಒಂದು ಕ್ಷಣ ಕೈ ಜೋಡಿಸಬೇಕೆನಿಸಿತು.

"ಸುಟ್ಟುಬಿಡೋಣ" ಎಂದ ಕಾರ್ಯದರ್ಶಿ.

"ಹುಳಕ್ಕೆ ಮೀನೇ ಮದ್ದು" ಎಂದರು ಮೇಷ್ಟ್ರು. "ಕೆರೆಗೆ ಹಾಕಿ ನೋಡೋಣ."

ಹೊರಡುವಾಗ ಹೆಂಡತಿ ಗುಮಾಸ್ತನ ಕಾಲರು ಸರಿಮಾಡಿ ಪಿಸುಗುಟ್ಟಿದಳು. "ಹಾಗೇ ಬಾಸ್‌ನ ನೋಡ್ಕೊಂಡೇ ಬನ್ನಿ. ಬರಿಗೈಲಿ ಬರಬೇಡಿ."

ಕೆರೆಯ ನೀರು ಹಾಸಿಟ್ಟ ಬಟ್ಟೆಯಂತೆ ಸಪಾಟಾಗಿತ್ತು. ಗುಮಾಸ್ತ ಇಸ್ತ್ರಿ ಅಂಗಿ, ಟೈ ತೊಟ್ಟು, ಗಾಳವೂ ಇಲ್ಲದೆ, ಮದುವೆ ಮನೆಯಲ್ಲಿ ದಾರಿ ತಪ್ಪಿದವನಂತೆ ದಂಡೆಯಲ್ಲಿ ನಿಂತ. ಮೇಷ್ಟ್ರು ಉದ್ದ ತುಂಡನ್ನು ಎತ್ತಿಕೊಂಡರು. ಮಣಿಕಟ್ಟನ್ನು ಹಗುರವಾಗಿ ತಿರುಗಿಸಿ ಎಸೆದರು. ಹುಳ ಜೊಂಡಿನ ಅಂಚಿನಲ್ಲಿ, ಸದ್ದೇ ಇಲ್ಲದಂತೆ, ಇಳಿಯಿತು.

"ಯಾರೂ ಮಾತಾಡಬೇಡಿ. ಸುಮ್ಮನಿರಿ. ಅಲೆ ಅಡಗಲಿ."

ಈ ಮಾತನ್ನು ಎಲ್ಲೋ ಓದಿದ್ದೇನಲ್ಲ ಎಂದು ಗುಮಾಸ್ತನಿಗೆ ಅನಿಸಿತು. ಅಲೆ ಅಡಗಿತು. ಮೇಷ್ಟ್ರು ಬಗ್ಗಿ ಕೊಡೆಯ ತುದಿಯಿಂದ ನೀರನ್ನು ಒಮ್ಮೆ ಮುಟ್ಟಿದರು. ಸಣ್ಣದೊಂದು ಉಂಗುರ ಹರಡುತ್ತ ಹೋಗಿ ಹುಳದ ಬಾಲವನ್ನು ಮಿಡಿಸಿತು.

ಆಗ ನೀರಿನಡಿ ಒಂದು ನೆರಳು ಬಂತು. ಮೊದಲು ಅದು ಮೋಡದ್ದೆಂದು ಎಲ್ಲರೂ ಆಕಾಶ ನೋಡಿದರು. ಆಕಾಶದಲ್ಲಿ ಮೋಡವಿರಲಿಲ್ಲ. ನೆರಳು ನಿಧಾನವಾಗಿ ಹಸಿರಾಯಿತು, ಹಸಿರಿಗೆ ಚಿನ್ನದ ಅಂಚಿನ ಕಣ್ಣೊಂದು ಮೂಡಿತು. ಮರುಗಳಿಗೆಯಲ್ಲಿ ಕೆರೆಯೇ ಬಾಯಿ ತೆರೆಯಿತು. ಹೌದು, ಬಕೆಟ್ಟಿನಷ್ಟು ದೊಡ್ಡ ಬಾಯಿ! ಬಾಸ್ ಅರ್ಧ ಮೈ ಗಾಳಿಗೆ ಚಾಚಿ, ಬಿಸಿಲಲ್ಲಿ ಒಂದು ಕ್ಷಣ ನಿಂತೇ ಬಿಟ್ಟಿತೇನೋ ಎನ್ನುವಂತೆ ಹೊಳೆದು, ಹುಳವನ್ನು ನುಂಗಿ ಒಳಗೆ ಹೋಯಿತು.

ಕಾರ್ಯದರ್ಶಿ ಟೋಪಿ ತೆಗೆದು ಎದೆಗೆ ಒತ್ತಿಕೊಂಡಿದ್ದ. ಗುಮಾಸ್ತನಿಗೆ ಆರು ವರ್ಷ ಕಾದದ್ದು ಸಾರ್ಥಕವಾಯಿತು ಅನಿಸಿತು. ಕೈಯಲ್ಲಿ ಕೋಲಿಲ್ಲ ಎಂಬುದೂ ಆ ಹೊತ್ತಿಗೆ ಮರೆತುಹೋಗಿತ್ತು.

ಅಷ್ಟರಲ್ಲಿ ನೀರು ಮತ್ತೆ ಕಲಕಿತು. ಬಾಸ್ ಮೂತಿ ಹೊರಹಾಕಿ, ಥೂ ಎಂದು ಹುಳವನ್ನು ಉಗಿದು, ಬಾಲ ಬಡಿದು ಹೊರಟುಹೋಯಿತು. ಇಷ್ಟೆಲ್ಲ ಜನರ ನಡುವೆ ಅದು ಪ್ಲಾಸ್ಟಿಕ್ ಎಂದು ಕಂಡುಹಿಡಿದದ್ದು ಮೀನೊಂದೇ ಎಂದು ಗುಮಾಸ್ತ ಅಂದುಕೊಂಡ.

"ಅಯ್ಯೋ, ಮೀನೇ ಉಗೀತು!" ಎಂದಳು ಟೈಲರಮ್ಮ.

"ಹಾಗಾದ್ರೆ ಘೋರ ವಿಷ" ಎಂದ ಕಾರ್ಯದರ್ಶಿ, ಆಗಲೇ ಫೋನು ಕಿವಿಗಿಟ್ಟುಕೊಂಡು. ಮೇಷ್ಟ್ರು ಪರೀಕ್ಷಿಸಿದ್ದೂ ಸೇರಿ ಎಲ್ಲ ವರದಿಯಾಗಿ ಎರಡು ನಿಮಿಷದಲ್ಲಿ ಫೋನು ಗುಮಾಸ್ತನ ಕೈಗೆ ಬಂತು. ಆ ಕಡೆ ನೀರು ಕಚೇರಿಯ ಅಗಲ ಹೊಟ್ಟೆಯ ಬಾಸ್ ಗುಡುಗಿದರು: "ಏನ್ರೀ, ನಿಮ್ಮ ಮನೆ ಮುಂದೇನೇ ಹುಳ, ನಿಮ್ಮದೇ ಸಹಿ! ಕೆರೆ ಒಂದು ವರ್ಷ ಬಂದ್. ಯಾರೂ ಗಾಳ ಹಾಕೋ ಹಾಗಿಲ್ಲ. ಅಧ್ಯಯನಕ್ಕೆ ಆ ಮೇಷ್ಟ್ರಿಗೆ ಮಾತ್ರ ಅನುಮತಿ. ಈಗಲೇ ಬರೆದು ಅಂಟಿಸಿ!"

ಗುಮಾಸ್ತ ಮರದ ಬುಡದಲ್ಲಿ ಕೂತು 'ಸದರಿ ಕೆರೆಗೆ ಸಂಬಂಧಿಸಿದಂತೆ' ಎಂದು ತನ್ನ ಕೈಯಾರೆ ಬರೆದ. ಸಹಿ ಹಾಕುವಾಗ ಅಕ್ಷರ ಕಲಸಿಕೊಂಡವು.

ಜನ ಚದುರಿದರು. ಗುಮಾಸ್ತನ ಜೊತೆ ಮೇಷ್ಟ್ರೊಬ್ಬರೇ ಉಳಿದರು. ಆಚೀಚೆ ನೋಡಿ, ಕೊಡೆಯ ಹಿಡಿಯನ್ನು ತಿರುಪಿ ಎಳೆದರು. ಒಳಗಿನಿಂದ ಮಡಚುವ ಗಾಳದ ಕೋಲು ಸರಸರನೆ ಉದ್ದವಾಯಿತು.

ಗುಮಾಸ್ತನ ಬಾಯಿ ಬಾಸಿನ ಬಾಯಿಯಷ್ಟೇ ತೆರೆಯಿತು. "ನಿಮಗೆ ಗೊತ್ತಿತ್ತಾ?"

"ನೋಡಿದ ತಕ್ಷಣ ಗೊತ್ತಾಯ್ತು. ಯಾರದ್ದು ಅಂತ ನಿಮ್ಮ ಮುಖಾನೇ ಹೇಳ್ತಿತ್ತು. ಆದ್ರೆ ಕಣ್ಣಲ್ಲಿ ನೀರು ಬಂದದ್ದು ಸುಳ್ಳಲ್ಲ ಕಣಪ್ಪಾ. ಇಪ್ಪತ್ತು ವರ್ಷದಿಂದ ಆ ಮೀನಿನ ಹಿಂದೆ ಬಿದ್ದಿದೀನಿ. ನನ್ನ ಹುಳಗಳೆಲ್ಲ ಮುಳುಗ್ತಾನೇ ಇದ್ವು." ಅವರು ಗೌರವದಿಂದ ಕೈ ಚಾಚಿದರು. "ಪೊಟ್ಟಣದಲ್ಲಿ ಇನ್ನೂ ಒಂಬತ್ತಿರಬೇಕಲ್ಲ? ಅಧ್ಯಯನಕ್ಕೆ ಬೇಕಿತ್ತು. ನಿಮ್ಮ ಮನೆಯವರಿಗೆ ನಾನೇನೂ ಹೇಳೋದಿಲ್ಲ."

ಗುಮಾಸ್ತ ಪ್ಯಾಂಟಿನ ಜೇಬಿನಿಂದ ಪೊಟ್ಟಣ ತೆಗೆದು ಕೊಟ್ಟ. ಮನೆಯಲ್ಲಿ ಅವನ ಕೋಲು ಉಳಿಯಿತು. ಅದನ್ನು ಹಾಕುವ ಕೆರೆ ಹೋಯಿತು.

ಮನೆ ಬಾಗಿಲಲ್ಲೇ ಹೆಂಡತಿ ಕಾದಿದ್ದಳು. "ಬಾಸ್ ಸಿಕ್ಕಿದ್ರಾ? ಹುಳದ ವಿಷಯ ಗೊತ್ತಾಯ್ತಾ? ಏನಂದ್ರು?"

ಗುಮಾಸ್ತ ಟೈ ಬಿಚ್ಚುತ್ತ ಅಂದು ಎರಡನೇ ಸಲ ಅಪ್ಪಟ ನಿಜ ಹೇಳಿದ.

"ಬಾಯಿ ತೆರೆದು ಉಗಿದ್ರು."