ಉಗುಳುವ ಷಡ್ಡಕರು, ಅಲ್ಲಾಡಿಸುವ ನಾನು

ನಮ್ಮ ಷಡ್ಡಕರಷ್ಟು ವೈನು ಬಾಯಿಗೆ ಹಾಕಿಕೊಂಡವರು ಇಡೀ ರಾಜಾಜಿನಗರದಲ್ಲಿ ಇನ್ನೊಬ್ಬರಿಲ್ಲ. ಅದರಲ್ಲಿ ಒಂದು ತೊಟ್ಟನ್ನೂ ಗಂಟಲಿಗೆ ಇಳಿಸದವರೂ ಇನ್ನೊಬ್ಬರಿಲ್ಲ! ನಂಬುವುದು ಕಷ್ಟ, ನನಗೆ ಗೊತ್ತು. ನಾನೇ ಬಹಳ ಕಾಲ ನಂಬಿರಲಿಲ್ಲ. ಬಾಯಿತನಕ ಬಂದದ್ದನ್ನು ಉಗುಳುವ ಮನುಷ್ಯನನ್ನು ಕುಡಿಯುವವನು ಹೇಗೆ ತಾನೇ ನಂಬಿಯಾನು?

ಷಡ್ಡಕರೆಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಹಣೆ ತುಂಬ ವಿಭೂತಿ, ಕೊರಳಲ್ಲಿ ಬೆಳ್ಳಿಯ ಕರಡಿಗೆ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಓದಿದ್ದು ರಸಾಯನಶಾಸ್ತ್ರ, ನಿವೃತ್ತಿಯವರೆಗೆ ದುಡಿದದ್ದು ದೊಡ್ಡಬಳ್ಳಾಪುರದ ಕಡೆಯ ಒಂದು ವೈನ್ ಕಾರ್ಖಾನೆಯ ಪ್ರಯೋಗಾಲಯದಲ್ಲಿ. ಹೆಣ್ಣು ಕೇಳಲು ಬಂದಾಗ ಅವರ ಕಡೆಯವರು "ಹುಡುಗ ದ್ರಾಕ್ಷಿ ರಸದ ಕಂಪನೀಲಿದಾನೆ" ಎಂದಷ್ಟೇ ಹೇಳಿದ್ದರಂತೆ. ಆ ರಸ ಎಷ್ಟು ದಿನದ್ದು ಎಂದು ನನ್ನ ಮಾವನವರೂ ಕೇಳಲಿಲ್ಲ, ಅವರೂ ಹೇಳಲಿಲ್ಲ!

ಕಾರ್ಖಾನೆಯಲ್ಲಿ ಅವರ ಕೆಲಸ ರುಚಿ ನೋಡುವುದು. ಅದರಲ್ಲೂ ಕ್ಯಾಬರ್ನೆ ಎಂಬ ದಪ್ಪ ಸಿಪ್ಪೆಯ ಕಪ್ಪು ದ್ರಾಕ್ಷಿಯ ಕೆಂಪು ವೈನೆಂದರೆ ಪ್ರಾಣ. ಎಳೆಯದಾಗಿದ್ದಾಗ ಅದು ಬಾಳೆಕಾಯಿ ಕಚ್ಚಿದಂತೆ ಒಗರಂತೆ. ವರ್ಷಗಟ್ಟಲೆ ಕತ್ತಲಲ್ಲಿ ಮಲಗಿಸಿಟ್ಟರೆ ಆ ಒಗರು ಕರಗಿ ಮೆತ್ತಗಾಗುತ್ತದಂತೆ. ನಿವೃತ್ತಿಯಾದ ಮೇಲೂ ಚಾಳಿ ಬಿಡಲಿಲ್ಲ. ಭಾನುವಾರ ಪೂಜೆ ಮುಗಿಸಿ, ಊಟಕ್ಕೆ ಮುಂಚೆ, ಗಾಜಿನ ಲೋಟದಲ್ಲಿ ಎರಡು ಬೆರಳಷ್ಟು ವೈನು ಸುರಿದುಕೊಂಡು ಕಿಟಕಿಯ ಬಳಿ ಕೂರುತ್ತಾರೆ. ಬೆಳಕಿಗೆ ಹಿಡಿದು ಬಣ್ಣ ನೋಡುತ್ತಾರೆ. ಗರಗರ ತಿರುಗಿಸುತ್ತಾರೆ. ಲೋಟದೊಳಗೆ ಮೂಗನ್ನು ಪೂರ್ತಿ ಇಳಿಸುತ್ತಾರೆ. ಆಮೇಲೆ ಒಂದು ಗುಟುಕು ಬಾಯಿಗೆ ಹಾಕಿ, ಬಿಸಿ ಸಾರು ಹೀರುವವರಂತೆ ಸದ್ದು ಮಾಡಿ, ಕೆನ್ನೆಯಿಂದ ಕೆನ್ನೆಗೆ ಓಡಾಡಿಸಿ, ಪಕ್ಕದಲ್ಲಿಟ್ಟ ಸ್ಟೀಲ್ ಡಬರಿಗೆ ಪಿಚಕ್ಕನೆ ಉಗುಳುತ್ತಾರೆ!

"ಕೊರಳಲ್ಲಿ ಲಿಂಗ ಇಟ್ಕೊಂಡು ಇದೇನ್ರೀ ಅನಾಚಾರ?" ಎಂದು ಅತ್ತಿಗೆ ರೇಗುತ್ತಾರೆ.

"ಗಂಟಲಿಗೆ ಇಳಿದ್ರೆ ಅನಾಚಾರ. ನಾಲಿಗೆ ತನಕ ಬಂದಿದ್ದು ವಿಚಾರ ಕಣೇ!"

ಆ ಡಬರಿಯಲ್ಲಿ ಬಿದ್ದದ್ದೂ ಬಾಟಲಿಯ ತಳದಲ್ಲಿ ಉಳಿದ ಗಸಿಯೂ ಹೋಗುವುದು ಅಂಗಳದ ಕರಿಬೇವಿನ ಗಿಡದ ಬುಡಕ್ಕೆ. ಆ ಗಿಡದ ಸಂತೋಷವನ್ನು ಏನೆಂದು ಹೇಳಲಿ! ಪಕ್ಕದ ಮನೆಯಾಕೆ ಒಮ್ಮೆ, "ನಿಮ್ಮನೆ ಕರಿಬೇವು ಹಾಕಿದ ದಿನ ನಮ್ಮೆಜಮಾನ್ರು ಬಯ್ಯದೇ ಊಟ ಮಾಡ್ತಾರೆ ಕಣ್ರೀ" ಎಂದು ಎರಡು ಎಸಳು ಹೆಚ್ಚಿಗೆ ಕಿತ್ತುಕೊಂಡು ಹೋದರು.

ಈ ಅಭ್ಯಾಸ ವೈನಿಗಷ್ಟೇ ನಿಂತಿದ್ದರೆ ಚೆನ್ನಾಗಿತ್ತು. ವಿಜಯನಗರದ ಒಂದು ಛತ್ರದಲ್ಲಿ ನಮ್ಮ ನೆಂಟರ ಮನೆಯ ನಿಶ್ಚಿತಾರ್ಥ. ಬಾದಾಮಿ ಹಾಲು ಬಂತು. ಷಡ್ಡಕರು ಲೋಟವನ್ನು ಟ್ಯೂಬ್‌ಲೈಟಿಗೆ ಹಿಡಿದರು, ತಿರುಗಿಸಿದರು, ಮೂಸಿದರು, ಬಾಯಿಗೆ ಹಾಕಿಕೊಂಡು ಕೆನ್ನೆ ಉಬ್ಬಿಸಿದರು. ಆಮೇಲೆ ಕಣ್ಣರಳಿಸಿ ಸುತ್ತಲೂ ನೋಡತೊಡಗಿದರು. ಏನು ಹುಡುಕುತ್ತಿದ್ದಾರೆಂದು ಅತ್ತಿಗೆಗೂ ನನಗೂ ಮಾತ್ರ ಗೊತ್ತು. ಡಬರಿ! ಹೆಣ್ಣಿನ ತಂದೆ ಗಾಬರಿಯಿಂದ, "ಏನಾದ್ರೂ ಬಿದ್ದಿದ್ಯಾ ಸಾರ್?" ಎಂದರು. ಅತ್ತಿಗೆ ತೊಡೆ ಚಿವುಟಿದರು. ಗುಳಕ್ಕನೆ ನುಂಗಿ ಷಡ್ಡಕರು ಹೇಳಿದ್ದು: "ಇಲ್ಲ ಇಲ್ಲ. ಹಾಲು ನಿನ್ನೇದು, ಏಲಕ್ಕಿ ಹೋದ ವರ್ಷದ್ದು. ಹುಡುಗಿ ಚೆನ್ನಾಗಿದಾಳೆ."

ಬಾಟಲಿಗಳನ್ನು ಇಡುವ ಜಾಗವೋ, ಇನ್ನೊಂದು ಕತೆ. ಅವರ ಮನೆಯಂಗಳದಲ್ಲಿ ಎರಡು ಸಂಪುಗಳಿವೆ. ಹೊಸದರಲ್ಲಿ ನೀರು. ಹಳೆಯದು ನೀರು ನಿಲ್ಲದೆ ಒಣಗಿದ ಮೇಲೆ ಷಡ್ಡಕರು ಅದಕ್ಕೆ ಹಲಗೆ ಜೋಡಿಸಿ, ಕಬ್ಬಿಣದ ಮುಚ್ಚಳಕ್ಕೆ ಬೀಗ ಹಾಕಿ, ಕ್ಯಾಬರ್ನೆಯನ್ನು ಮಲಗಿಸಿಬಿಟ್ಟರು. ನೆಲದಡಿಯ ತಂಪು, ಕತ್ತಲು. "ಫ್ರಾನ್ಸಿನವರಿಗೆ ಗುಹೆ ಇದ್ರೆ ನಮಗೆ ಸಂಪಿಲ್ವೇನಯ್ಯಾ?" ಎನ್ನುತ್ತಾರೆ. ಒಂದು ಬೇಸಿಗೆಯಲ್ಲಿ ಟ್ಯಾಂಕರಿನವನು ಹಳೆಯ ಸಂಪಿನ ಬಳಿ ಪೈಪು ಎಳೆದಾಗ, ಷಡ್ಡಕರು ಓಡಿ ಬಂದು ಮುಚ್ಚಳದ ಮೇಲೆ ಅಂಗಾತ ಮಲಗಿಬಿಟ್ಟರು!

"ಎದ್ದೇಳಿ ಸಾರ್, ನೀರು ಬೇಕು ಅಂದಿದ್ದು ನೀವೇ ತಾನೆ?"

"ನನ್ನ ಮೇಲೆ ಬಿಡು, ಒಳಗೆ ಬಿಡಬೇಡ!"

ಇನ್ನು ನನ್ನ ವಿಷಯ. ನಾನು ಎಸ್ಸೆಸ್ಸೆಲ್ಸಿಯವನು, ಲಗ್ಗೆರೆಯ ಒಂದು ಕಾರ್ಖಾನೆಯಲ್ಲಿ ದುಡಿದು, ಸಂಜೆ ಮಾಗಡಿ ರಸ್ತೆಯ ಬಾರಿನಲ್ಲಿ ದಣಿವಾರಿಸಿಕೊಂಡವನು. ಆ ದಣಿವು ಆರಿದ್ದೇ ಇಲ್ಲ. ಸುಂಕದಕಟ್ಟೆ ಬಸ್‌ಸ್ಟಾಪಿನಿಂದ ನನ್ನನ್ನು ಎತ್ತಿಕೊಂಡು ಬಂದವರಲ್ಲಿ ಪರಿಚಿತರಿಗಿಂತ ಅಪರಿಚಿತರೇ ಹೆಚ್ಚು. ಮನೆಗೆ ಬಂದರೆ ಹೆಂಡತಿ ಬಾಗಿಲಲ್ಲೇ ನಿಲ್ಲಿಸಿ, "ಹಾ ಅನ್ನಿ" ಎನ್ನುವಳು. ನಾನು ಹಾ ಎನ್ನುವುದು, ಅವಳು ಮೂಸುವುದು, ಮುಖ ತಿರುಗಿಸುವುದು. ನಮ್ಮ ದಾಂಪತ್ಯದ ಬಹುಪಾಲು ಮಾತುಕತೆ ಅದೇ. ಡಾಕ್ಟರು ಹೆದರಿಸಿದ ಮೇಲೆ ಕುಡಿತ ಬಿಟ್ಟೆ. ಆದರೆ ಬಿಟ್ಟಿದ್ದೇನೆಂದು ನಂಬಿದವರು ಯಾರು? "ಹಾ ಅನ್ನಿ" ಮಾತ್ರ ನಿಲ್ಲಲಿಲ್ಲ.

ಆಗ ಷಡ್ಡಕರು ಹೇಳಿ ಕಳಿಸಿದರು. ಕಿಟಕಿಯ ಬಳಿ ಕೂರಿಸಿ, ಲೋಟವನ್ನು ಮೂಗಿಗೆ ಹಿಡಿದು, "ನೀನು ಬಾಯಿ ತೆಗೀಬೇಡ. ಮೂಸು ಸಾಕು. ಏನಿದೆ ಹೇಳು" ಎಂದರು.

"ವೈನಿದೆ ಅಣ್ಣ."

"ಅದು ಬಾಟಲಿ ಮೇಲೇ ಬರೆದಿದೆ. ಇನ್ನೇನಿದೆ?"

ಒಂದಷ್ಟು ಭಾನುವಾರ ಕಳೆದ ಮೇಲೆ ನನಗೂ ತಿಳಿಯತೊಡಗಿತು. ಎಳೆಯದರಲ್ಲಿ ಹಸಿ ದಪ್ಪಮೆಣಸಿನಕಾಯಿಯ ವಾಸನೆ. ಹಳೆಯದರಲ್ಲಿ ನೇರಳೆ ಹಣ್ಣು, ಆಗತಾನೇ ಕೆತ್ತಿದ ಪೆನ್ಸಿಲ್, ತಾತನ ನಶ್ಯದ ಡಬ್ಬಿ. ಜೀವಮಾನವಿಡೀ ಮೂಗು ಮುಚ್ಚಿಕೊಂಡು ಕುಡಿದಿದ್ದೆನಲ್ಲ! ಬಾಯಿ ಮುಚ್ಚಿಕೊಂಡು ಮೂಸುವುದನ್ನು ಕಲಿಸಲು ಒಬ್ಬ ಷಡ್ಡಕರು ಬೇಕಾಯಿತು.

ಅಷ್ಟರಲ್ಲಿ ಅವರಿಗೆ ಮಂಡಿಯ ಆಪರೇಷನ್ ಆಯಿತು. ಸಂಪಿಗೆ ಇಳಿಯುವಂತಿಲ್ಲ. ದಿನಾ ಇಳಿದು, ಒದ್ದೆಯಾಗಿದೆಯೇ, ಇಲಿ ಬಿರಡೆ ಕಡಿದಿದೆಯೇ ಎಂದು ನೋಡುವವರು ಬೇಕು. ಅವರು ಬೀಗದ ಕೈಯನ್ನು ಯಾರಿಗೆ ಕೊಟ್ಟರು? ನನಗೆ! ಮನೆಯವರೆಲ್ಲ ಸೇರಿದ್ದರು. ನಮ್ಮ ಬಾಮೈದ, ಅಂದರೆ ಈ ಅಕ್ಕತಂಗಿಯರ ತಮ್ಮ, "ಭಾವ, ಆಪರೇಷನ್ ಆಗಿದ್ದು ಮಂಡಿಗಾ, ತಲೆಗಾ?" ಎಂದೇಬಿಟ್ಟ. ನನ್ನ ಹೆಂಡತಿ ನೆಲ ನೋಡಿದಳು. ನನ್ನ ಸ್ವಂತ ಮನೆಯ ಬೀರುವಿನ ಕೈಯೂ ನನ್ನ ಬಳಿ ಇರಲಿಲ್ಲ. ಆ ಸಣ್ಣ ಕೀಲಿಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡೆ.

ಇಷ್ಟು ನಂಬಿಕೆಗೆ ತಕ್ಕ ಕೆಲಸ ಮಾಡಬೇಡವೇ? ಸಂಪಿಗಿಳಿದು ಟಾರ್ಚ್ ಹಾಕಿ ನೋಡಿದೆ. ಬಾಟಲಿಗಳ ಹೊಟ್ಟೆಯಲ್ಲಿ ಕಾಫಿ ಚರಟದಂಥ ಗಸಿ! ನಮ್ಮಮ್ಮ ಉಪ್ಪಿನಕಾಯಿ ಜಾಡಿಯನ್ನು ದಿನಾ ಕುಲುಕುತ್ತಿದ್ದಳು, ಇಲ್ಲದಿದ್ದರೆ ತಳ ಹಿಡಿದು ಕೆಡುತ್ತದೆಂದು. ಔಷಧದ ಶೀಸೆಯ ಮೇಲೂ ಚೆನ್ನಾಗಿ ಅಲ್ಲಾಡಿಸಿ ಎಂದು ಬರೆದಿರುತ್ತದೆ. ಪಾಪ, ಷಡ್ಡಕರು ಇಷ್ಟು ದಿನ ಸಾರವನ್ನೆಲ್ಲ ಕರಿಬೇವಿಗೆ ಸುರಿದು ನಷ್ಟ ಮಾಡಿಕೊಂಡರಲ್ಲ ಎಂದುಕೊಂಡೆ. ಒಂದೊಂದು ಬಾಟಲಿಯನ್ನೂ ಎತ್ತಿ, ಗಸಿಯೆಲ್ಲ ಬೆರೆಯುವಂತೆ ಗಡಗಡ ಅಲ್ಲಾಡಿಸಿ, ಮತ್ತೆ ಮಲಗಿಸಿದೆ. ದಿನಾ! ಅಲ್ಲಾಡಿಸಬೇಡ ಎಂದು ಹೇಳುವುದು ಅವರಿಗೆ ಹೊಳೆದಿರಲಿಲ್ಲ. ಹೊಳೆಯುವುದಾದರೂ ಹೇಗೆ?

ಯಾರಿಗೂ ಹೇಳದ ಒಂದು ಮಾತನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಒಂದು ದಿನ ನಾನು ಬಿರಡೆ ತೆಗೆಯುವ ತಿರುಪನ್ನು ಜೇಬಿಗೆ ಹಾಕಿಕೊಂಡೇ ಇಳಿದಿದ್ದೆ. ಎಲ್ಲಕ್ಕಿಂತ ಹಳೆಯ ಬಾಟಲಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ತಿರುಪನ್ನು ಜೇಬಿನಿಂದ ತೆಗೆದೆ, ಮತ್ತೆ ಹಾಕಿಕೊಂಡೆ. ಆ ಚಪಲ ನನಗೆ ಹಳೆಯ ನೆಂಟ. ಏನು ಮಾಡಲೂ ತೋಚದೆ ಬಾಟಲಿಯನ್ನು ಅಲ್ಲಾಡಿಸತೊಡಗಿದೆ. ಅದನ್ನಿಟ್ಟು ಇನ್ನೊಂದು, ಮತ್ತೊಂದು. ಕೊನೆಯದನ್ನು ಮುಗಿಸುವಷ್ಟರಲ್ಲಿ ರಟ್ಟೆ ಸೋತು, ಬೆವರು ಕಿತ್ತು ಬಂದು, ಬೇಕು ಅನ್ನಿಸುವುದೇ ನಿಂತುಹೋಗಿತ್ತು. ಆಮೇಲೆ ಅಲ್ಲಾಡಿಸಿದ್ದು ಉಪ್ಪಿನಕಾಯಿಯ ನೆಪದಲ್ಲಿ, ಅಷ್ಟೆ.

ಮಂಡಿ ಮಡಿಸುವಂತಾದ ಮೇಲೆ ಷಡ್ಡಕರು ಎಲ್ಲರನ್ನೂ ಹೋಳಿಗೆ ಊಟಕ್ಕೆ ಕರೆದರು. ಅವತ್ತು ತೆಗೆಯಬೇಕೆಂದದ್ದು ಆ ಎಲ್ಲಕ್ಕಿಂತ ಹಳೆಯ ಬಾಟಲಿ. ಅವರು ಕೆಲಸಕ್ಕೆ ಸೇರಿದ ಹೊಸತರಲ್ಲಿ ತಾವೇ ನಿಂತು ಮಾಡಿಸಿದ ಕ್ಯಾಬರ್ನೆ. ನಾನೇ ತಂದುಕೊಟ್ಟೆ. ತರುವಾಗಲೂ ಒಮ್ಮೆ ಕುಲುಕಿದೆ, ಮರ್ಯಾದೆಗೆ!

ಲೋಟಕ್ಕೆ ಸುರಿದರೆ, ಮಳೆ ನಿಂತ ಮೇಲೆ ಬಾಪೂಜಿ ನಗರದ ಮೋರಿಯಲ್ಲಿ ಹರಿಯುವ ನೀರಿನಂತೆ ಕದಡಿ ಕೂತಿತ್ತು.

"ನೋಡಿದ್ರಾ?" ಬಾಮೈದ ಎದ್ದು ನಿಂತ. "ಅವತ್ತೇ ಹೇಳಿದ್ನಲ್ಲ ಭಾವ! ಕುಡಿದು ಖಾಲಿ ಮಾಡಿ, ಬಣ್ಣದ ನೀರು ತುಂಬಿಸಿಟ್ಟಿದಾರೆ!"

ನನ್ನಂಥವನು 'ಕುಡಿದಿಲ್ಲ' ಎಂದು ಎಷ್ಟು ಸಲ ಸುಳ್ಳು ಹೇಳಿರುತ್ತಾನೆಂದರೆ, ನಿಜ ಹೇಳಬೇಕಾದ ದಿನ ಅದೇ ಪದವನ್ನು ಮತ್ತೆ ಬಳಸಲು ನಾಚಿಕೆಯಾಗುತ್ತದೆ. ಹೆಂಡತಿ ಅಡುಗೆಮನೆ ಬಾಗಿಲಲ್ಲಿ ಹೋಳಿಗೆ ತಟ್ಟೆ ಹಿಡಿದು ನಿಂತಿದ್ದಳು. ಅವಳ ಮುಖ ನೋಡಲಾಗಲಿಲ್ಲ.

"ಕೂತ್ಕೊಳೋ. ಇನ್ನೂ ನೋಡಿಲ್ಲ ನಾನು" ಎಂದರು ಷಡ್ಡಕರು. ಬೆಳಕಿಗೆ ಹಿಡಿದರು. ತಿರುಗಿಸಿದರು. ಮೂಗು ಇಳಿಸಿ ಕಣ್ಣು ಮುಚ್ಚಿದರು. ಅಷ್ಟು ಹೊತ್ತು ಅವರು ಮೂಸಿದ್ದನ್ನು ನಾನು ಕಂಡಿಲ್ಲ. ಹೀರಿದರು, ಕೆನ್ನೆಯಲ್ಲಿ ಓಡಾಡಿಸಿದರು, ಡಬರಿಗೆ ಉಗುಳಿದರು, ಬಾಯಿ ಒರೆಸಿಕೊಂಡರು.

"ನೇರಳೆ ಇದೆ. ಪೆನ್ಸಿಲ್ ಇದೆ. ನಶ್ಯದ ಡಬ್ಬಿ ಇದೆ. ಮೆಣಸಿನಕಾಯಿ ಹೋಗಿದೆ, ಹೋಗಬೇಕಾದ್ದೇ. ಒಂದು ತೊಟ್ಟು ನೀರು ಬಿದ್ದಿಲ್ಲ. ಬಿರಡೆ ಯಾರೂ ಮುಟ್ಟಿಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಅಲ್ಲಾಡಿಸಿದ್ಯೇನಯ್ಯಾ?"

"ಹೂಂ ಅಣ್ಣ."

"ಎಲ್ಲಾನೂ?"

"ಎಲ್ಲಾನೂ. ದಿನಾ. ಉಪ್ಪಿನಕಾಯಿ ತರ."

ಅತ್ತಿಗೆ ಸೆರಗು ಬಾಯಿಗೊತ್ತಿಕೊಂಡು ನಗತೊಡಗಿದರು. ಷಡ್ಡಕರು ನಗಲಿಲ್ಲ. ಬಾಮೈದನಿಗೆ ಹೇಳಿದರು: "ಕುಡಿಯೋನು ಇಷ್ಟು ಕಷ್ಟ ಪಡಲ್ಲ ಕಣೋ." ನಾನು ಉಡಿದಾರದಿಂದ ಕೀಲಿಕೈ ಬಿಚ್ಚಿ ಮೇಜಿನ ಮೇಲಿಟ್ಟೆ. ಅವರು ಅದನ್ನು ಬೆರಳಲ್ಲಿ ನನ್ನ ಕಡೆಗೇ ತಳ್ಳಿದರು. "ಇಟ್ಕೊ. ಗಸಿ ತಾನೇ, ಸುಮ್ನೆ ಬಿಟ್ರೆ ಕೂತ್ಕೊಳ್ಳತ್ತೆ. ಇನ್ಮೇಲೆ ಬರೀ ನೋಡು, ಸಾಕು."

ಆ ಕೀಲಿಕೈ ಈಗಲೂ ನನ್ನ ಸೊಂಟದಲ್ಲಿದೆ. ಅವರ ಋಣ ಹೇಗೆ ಹೇಳಲಿ? ನನ್ನ ಮಾತನ್ನು ಯಾರೂ ನಂಬದಿದ್ದ ಕಾಲದಲ್ಲಿ ಅವರ ನಾಲಿಗೆ ನನ್ನ ಪರವಾಗಿ ಸಾಕ್ಷಿ ಹೇಳಿತು.

ಅವತ್ತು ಸಂಜೆ ಇಬ್ಬರೂ ವಿಜಯನಗರದ ನಮ್ಮ ಮನೆಗೆ ಬಂದಾಗ, ಅಭ್ಯಾಸದಂತೆ ಬಾಗಿಲಲ್ಲಿ ನಿಂತು ಹೆಂಡತಿಯ ಮುಂದೆ "ಹಾ" ಎಂದೆ. ಅವಳು ಚಪ್ಪಲಿ ಬಿಡುತ್ತಾ ಒಳಗೆ ನಡೆದಳು.

"ಸಾಕು ಬಾಯಿ ಮುಚ್ರೀ. ಭಾವನೋರು ಮೂಸಿ ಆಯ್ತಲ್ಲ. ಕಾಫಿ ಇಡ್ತೀನಿ, ಕೂತ್ಕೊಳ್ಳಿ."