ಕಣ್ಣಿನ ಫ್ಲಾಪಿ

ಮಸ್ಕಿಯ ಫೋಟೋಗ್ರಾಫರ್ ಜಂಬಣ್ಣನಿಗೆ ಮೂವತ್ಮೂರು ತುಂಬಿದರೂ ಲಗ್ನವಾಗದಿರಲು ಅವನ ಎಡಗಣ್ಣೇ ಕಾರಣ. ಹದಿನೈದು ವರ್ಷ ಕ್ಯಾಮೆರಾಕ್ಕೆ ಬಲಗಣ್ಣು ಹಚ್ಚಿ ಎಡಗಣ್ಣು ಮುಚ್ಚಿದ ರೂಢಿ. ತನ್ನದೇ ಫೋಟೊ ತೆಗೆಸಲು ಕೂತರೂ ಕ್ಯಾಮೆರಾ ಕಂಡೊಡನೆ ಅದು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ವರನ ಫೋಟೊ ನೋಡಿದರೆ ಕಣ್ಣು ಹೊಡೆದಂತೆ. ಮರ್ಯಾದಸ್ಥರು ಅದನ್ನು ಮಗಳಿಗೆ ತೋರಿಸದೆ ಲಕೋಟೆಯಲ್ಲೇ ತಿರುಗಿ ಕಳಿಸುತ್ತಿದ್ದರು.

ತೊಂಬತ್ತೊಂಬತ್ತರಲ್ಲಿ ಸಿಂಧನೂರಿನಿಂದ ಹಳೆಯ ಕಂಪ್ಯೂಟರು, ಸ್ಕ್ಯಾನರು ತಂದ ಮೇಲೆ ಕಷ್ಟ ನೀಗಿತು. ಪಕ್ಕದಲ್ಲೇ ಅವನ ಚಿಕ್ಕಪ್ಪನ ಮಗ ಅಮರಗುಂಡಪ್ಪನ ಚಹಾ ಅಂಗಡಿ. ಒಲೆಯ ಹೊಗೆಯಲ್ಲೇ ಬೆಳೆದ ಅಮರಗುಂಡಪ್ಪ ಸಿಡಿಲು ಬಡಿದರೂ ರೆಪ್ಪೆ ಬಡಿಯುವವನಲ್ಲ. ಅವನದೊಂದು ಫೋಟೊ ಹೊಡೆದು, ಕಣ್ಣೆರಡನ್ನು ಮಾತ್ರ ಕತ್ತರಿಸಿ ಜಂಬಣ್ಣ ಫ್ಲಾಪಿಯಲ್ಲಿಟ್ಟುಕೊಂಡ. ಫ್ಲ್ಯಾಶಿಗೆ ಕಣ್ಣು ಮುಚ್ಚಿದ ಗಿರಾಕಿಗಳಿಗೆಲ್ಲ ಅದೇ ಕಣ್ಣು. ಮದುವೆಯ ಗ್ರೂಪ್ ಫೋಟೊದಲ್ಲಿ ಅಜ್ಜ, ಸೊಸೆ, ಕೂಸು ಮೂವರೂ ಚಹಾ ಉಕ್ಕುವುದನ್ನು ಕಾಯುವವರಂತೆ ನೋಡುತ್ತಿದ್ದರೂ ಯಾರೂ ತಕರಾರು ಮಾಡಲಿಲ್ಲ. ಲಿಂಗಸುಗೂರಿನ ಗೆಳೆಯ ಹಸನ್‌ಸಾಬ್, ಅವನೂ ಫೋಟೋಗ್ರಾಫರನೇ, ಒಂದು ಕಾಪಿ ಬೇಡಿದಾಗ ಬಸ್ ಕಂಡಕ್ಟರನ ಕೈಲಿ ಕಳಿಸಿಯೂ ಕೊಟ್ಟಿದ್ದ.

ಆ ಕಣ್ಣನ್ನೇ ತನಗೂ ಅಂಟಿಸಿಕೊಂಡ ಮೇಲೆ ಮೊದಲ ಸಲ ಒಂದು ಸಂಬಂಧ ಕುದುರುವ ಹಾದಿಗೆ ಬಂತು. ಲಿಂಗಸುಗೂರಿನ ಕಿರಾಣಿ ವ್ಯಾಪಾರಿ ದ್ಯಾವಪ್ಪ ಫೋಟೊ ಮೆಚ್ಚಿ, ಮಗಳು ನೀಲಮ್ಮನ ಫೋಟೊ ಕಳಿಸಿದ. ಎಂಟು ದಿನದಿಂದ ಅದು ಜಂಬಣ್ಣನ ಅಂಗಿಯ ಕಿಸೆಯಲ್ಲೇ ಇತ್ತು. ಆ ಕಣ್ಣುಗಳನ್ನು ನೋಡಿದಷ್ಟೂ ಹೋದ ಜನ್ಮದ ಪರಿಚಯವೆನ್ನಿಸುತ್ತಿತ್ತು.

ಶುಕ್ರವಾರ ಮುಂಜಾನೆ ಚಹಾ ಅಂಗಡಿಯಲ್ಲಿ ಫೋಟೊ ಹಿಡಿದು ಮೈಮರೆತಿದ್ದಾಗ ಅಮರಗುಂಡಪ್ಪ ಬಗ್ಗಿ, "ಯಣ್ಣಾ, ಚಾ ಆರಾಕತ್ತೈತಿ" ಎಂದ. ಜಂಬಣ್ಣ ತಲೆ ಎತ್ತಿ ತಮ್ಮನ ಮುಖ ನೋಡಿದ, ಫೋಟೊ ನೋಡಿದ. ಗುಟುಕು ನೆತ್ತಿಗೇರಿತು.

ಮುಂದಿನ ಬಸ್ಸಿಗೇ ಲಿಂಗಸುಗೂರು. ಹಸನ್‌ಸಾಬ್ ಏನೂ ಮುಚ್ಚಿಡಲಿಲ್ಲ. "ಏನ್ ಮಾಡ್ಲಿ ಭಾಯ್, ಹುಡುಗಿ ನಾಕು ಸಲ ಕಣ್ಣು ಮುಚ್ಚಿದ್ಲು. ನಿನ್ನ ಫ್ಲಾಪಿನೇ ಹಾಕಿದೆ. ಒಂದೀಟು ಕಾಡಿಗಿ ಮಾತ್ರ ನಾನ ಹಚ್ಚೀನಿ."

ಹಿರಿಯರು ಮಾತು ಮುಗಿಸಲು ಬರುವುದು ಸೋಮವಾರ. ಅದಕ್ಕೂ ಮೊದಲು ಹುಡುಗಿಯ ಸ್ವಂತ ಕಣ್ಣು ನೋಡಲೇಬೇಕೆಂದು, ತನ್ನ ಕಣ್ಣು ಕಾಣದಂತೆ ಹಸನ್‌ಸಾಬನ ಕೂಲಿಂಗ್ ಗ್ಲಾಸ್ ಏರಿಸಿ ಜಂಬಣ್ಣ ದ್ಯಾವಪ್ಪನ ಮನೆಗೆ ಹೋದ. ನೀಲಮ್ಮ ನೀರು ತಂದುಕೊಟ್ಟಳು. ಕಣ್ಣು ಸಣ್ಣವು, ಆದರೆ ಅವುಗಳಲ್ಲಿ ನಗು ಇತ್ತು. ಫ್ಲಾಪಿಗಿಂತ ನೂರು ಪಾಲು ಮೇಲು. ಇವಳನ್ನು ಬಿಟ್ಟರೆ ಕೆಟ್ಟೆ ಎಂದುಕೊಳ್ಳುವಷ್ಟರಲ್ಲಿ ದ್ಯಾವಪ್ಪ ಎರಡೂ ಫೋಟೊ ಜೋಡಿಸಿ ಮುಂದಿಟ್ಟ.

"ಬ್ಯಾಸರ ಮಾಡ್ಕೋಬ್ಯಾಡ್ರಿ. ನಿನ್ನಿ ನಮ್ಮವ್ವ ನೋಡಿದ್ಲು. ಅಣ್ಣ ತಂಗಿ ಕಣ್ಣಿದ್ದಂಗ ಅದಾವ. ಹಿಂದ ಎಲ್ಲ್ಯೋ ರಕ್ತ ಕೂಡಿರಬೇಕು, ಈ ಲಗ್ನ ಬ್ಯಾಡ ಅಂತಾಳ."

ಮಗಳ ಕಣ್ಣು ಇಷ್ಟು ದೊಡ್ಡವೆಂದು ಹೆತ್ತವರಿಗೇ ಗೊತ್ತಿರಲಿಲ್ಲವಂತೆ. ಆದರೆ ಕಂಪ್ಯೂಟರಿನಲ್ಲಿ ತೆಗೆದ ಫೋಟೊ ಸುಳ್ಳು ಹೇಳುವುದಿಲ್ಲ ಎಂಬುದು ದ್ಯಾವಪ್ಪನ ನಂಬಿಕೆ.

ಸುಮ್ಮನಿದ್ದರೆ ಹುಡುಗಿ ಕೈತಪ್ಪುತ್ತಾಳೆ. ನಿಜ ಹೇಳಿದರೆ ಸಿಂಧನೂರಿನಿಂದ ಮುದಗಲ್‌ವರೆಗಿನ ಅಜ್ಜ, ಸೊಸೆಯರೆಲ್ಲ ಫೋಟೊ ಹಿಡಿದು ಸ್ಟುಡಿಯೊ ಬಾಗಿಲಿಗೆ ಬರುತ್ತಾರೆ. ಜಂಬಣ್ಣ ಬೆವರೊರೆಸಿಕೊಂಡು ಗ್ಲಾಸ್ ತೆಗೆದ. ಎಡಗಣ್ಣಿನಿಂದ ಶುರುಮಾಡಿ ಫ್ಲಾಪಿಯವರೆಗೆ ಒಂದೂ ಬಿಡದೆ ಹೇಳಿದ. "ರಕ್ತ ಕೂಡಿಲ್ರಿ, ಕೂಡಿದ್ದೆಲ್ಲ ಕಂಪ್ಯೂಟರ್ದಾಗ. ಎರಡೂ ನಮ್ಮ ತಮ್ಮ ಅಮರಗುಂಡಪ್ಪನ ಕಣ್ಣು."

ಒಳಗಿನಿಂದ ಬಳೆಯ ಸದ್ದಾಯಿತು. ದ್ಯಾವಪ್ಪ ಎದ್ದು ಹೋದ. ಬಾಗಿಲ ಹಿಂದೆ ನೀಲಮ್ಮ ಏನೋ ಪಿಸುಗುಟ್ಟಿದಳು. ನಿಜ ನುಡಿದವನನ್ನು ಹುಡುಗಿ ಒಪ್ಪಿರಬೇಕೆಂದು ಜಂಬಣ್ಣ ಅಂಗಿ ಸರಿಮಾಡಿಕೊಂಡು ಕೂತ. ದ್ಯಾವಪ್ಪ ನಗುತ್ತಲೇ ಹೊರಬಂದ.

"ಆ ನಿಮ್ಮ ತಮ್ಮಗ ಲಗ್ನ ಆಗೈತೇನ್ರಿ?"

"ಇಲ್ರಿ," ಎಂದ ಜಂಬಣ್ಣ. ಎಡಗಣ್ಣು ತಾನಾಗಿ ಮುಚ್ಚಿಕೊಂಡಿತು.

"ಹುಡುಗಿ ಆ ಕಣ್ಣು ನೋಡೇ ಒಪ್ಪಿದ್ಲಂತ. ಕಣ್ಣು ಹೆಂಗೂ ಬಂದಾವ, ಉಳಿದದ್ದು ಕಳಿಸಿಕೊಡ್ರಿ. ಕಂಪ್ಯೂಟರಿಗೆ ಮಾತ್ರ ಹಾಕಬ್ಯಾಡ್ರಿ."